ವಾರಕ್ಕೆ 52 ಪೌಂಡಿನ ನೆಂಟಸ್ತನ

ಮಗಳ ಬಾಣಂತನಕ್ಕೆಂದು ನಾವಿಬ್ಬರೂ ಇಂಗ್ಲೆಂಡಿನ ಶೆಫೀಲ್ಡಿಗೆ ಬಂದು ನಾಲ್ಕು ತಿಂಗಳಾಯಿತು. ನನ್ನ ಹೆಂಡತಿಗೆ ಇಲ್ಲಿ ಕೈತುಂಬ ಕೆಲಸ. ಎಣ್ಣೆ ಸ್ನಾನ, ಅಂಟಿನುಂಡೆ, ಓಮದ ಕಷಾಯ; ಮಗುವಿಗೆ ಸಾಂಬ್ರಾಣಿ ಹೊಗೆ ಹಾಕಲು ಹೋಗಿ ಇಡೀ ಮನೆಯ ಅಲಾರಂ ಕೂಗಿಸಿದ್ದೂ ಆಯಿತು. ನನಗಿರುವುದು ಒಂದೇ ಡ್ಯೂಟಿ, ಮೊಮ್ಮಗನನ್ನು ಗಾಡಿಯಲ್ಲಿ ಮಲಗಿಸಿ ತಳ್ಳುವುದು. ಗಾಡಿ ಉರುಳುತ್ತಿದ್ದರೆ ಮಲಗಿರುತ್ತಾನೆ, ನಿಂತಿತೋ ಚೀರುತ್ತಾನೆ. ಈ ಊರು ಏಳು ಗುಡ್ಡಗಳ ಮೇಲೆ ಕೂತಿದೆ ಅನ್ನುತ್ತಾರೆ. ನನ್ನ ಮಂಡಿಯನ್ನು ಕೇಳಿದರೆ ಇನ್ನೂ ಹೆಚ್ಚು ಹೇಳೀತು.

ಹೀಗೆ ತಳ್ಳುತ್ತ ತಳ್ಳುತ್ತ ಬೀದಿಯ ಬೋರ್ಡು ಓದುವ ಚಟ ಹತ್ತಿತು. ನಾರ್ಫೋಕ್ ಸ್ಟ್ರೀಟ್, ಹೊವರ್ಡ್ ಸ್ಟ್ರೀಟ್, ಅರಂಡೆಲ್ ಗೇಟ್, ಟಾಲ್ಬಟ್ ಸ್ಟ್ರೀಟ್, ಶ್ರೂಸ್‌ಬರಿ ರೋಡ್. ನಾನು ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ, ಅದರಲ್ಲೂ ಕೊನೆಯ ಹನ್ನೆರಡು ವರ್ಷ ಇನ್‌ಸ್ಪೆಕ್ಷನ್‌ನಲ್ಲಿ ಕಳೆದವನು. ಆಸ್ತಿ ಯಾರ ಹೆಸರಿನಲ್ಲಿದೆ, ಹೇಗೆ ಬಂತು ಅಂತ ಕೇಳದೆ ಇದ್ದರೆ ಊಟ ಸೇರುವುದಿಲ್ಲ. ನಾರ್ಫೋಕ್ ಇರುವುದು ಇಂಗ್ಲೆಂಡಿನ ಪೂರ್ವ ಮೂಲೆಯಲ್ಲಿ. ಯಾರ್ಕ್‌ಶೈರಿನ ಈ ಚಾಕುಚೂರಿ ಊರಿಗೆ ಅಲ್ಲಿಯ ಡ್ಯೂಕನ ಹೆಸರು ಹೇಗೆ ಅಂಟಿಕೊಂಡಿತು? ಈ ಪ್ರಶ್ನೆಯ ಬಾಲ ಹಿಡಿದು ಹೋದವನು ಕೊನೆಗೆ ನಿಂತದ್ದು ಊರಿನ ಕ್ಯಾಥೆಡ್ರಲಿನೊಳಗೆ, ಅರ್ಲ್ ಪದವಿಯ ಕುಲೀನನೊಬ್ಬನ ಗೋರಿಯ ಮುಂದೆ. ಹೆಸರು ಜಾರ್ಜ್ ಟಾಲ್ಬಟ್, ಶ್ರೂಸ್‌ಬರಿಯ ಆರನೆಯ ಅರ್ಲ್. ಉಕ್ಕಿನ ಕವಚ ತೊಟ್ಟು ಮಲಗಿದ್ದಾನೆ. ಕಾಲ ಬಳಿ ಒಂದು ನಾಯಿ; ಟಾಲ್ಬಟ್ ಅನ್ನುವುದು ಒಂದು ಬೇಟೆನಾಯಿಯ ತಳಿಯ ಹೆಸರೂ ಹೌದು, ಮನೆತನದ ಲಾಂಛನವೂ ಅದೇ.

ಅವತ್ತಿನಿಂದ ಈ ಮನುಷ್ಯ ನನ್ನನ್ನು ಬಿಟ್ಟಿಲ್ಲ. ರಾತ್ರಿ ಎರಡು ಗಂಟೆಗೆ ಮೊಮ್ಮಗನನ್ನು ಹೆಗಲ ಮೇಲೆ ಹಾಕಿಕೊಂಡು ಓಡಾಡುವಾಗ ಇನ್ನೊಂದು ಕೈಯಲ್ಲಿ ಟ್ಯಾಬ್ ಹಿಡಿದು ಈತನ, ಈತನ ಹೆಂಡತಿಯ ಕಾಗದಗಳನ್ನು ಓದುತ್ತಿದ್ದೇನೆ. ಹೆಂಡತಿಗೆ ಬಂದ, ಆಕೆ ಬರೆದ ಪತ್ರಗಳನ್ನೆಲ್ಲ ಗ್ಲಾಸ್ಗೋ ವಿಶ್ವವಿದ್ಯಾಲಯದವರು ಅಂತರ್ಜಾಲದಲ್ಲಿ ಇಟ್ಟಿದ್ದಾರೆ. ಆ ಕಾಲದ ಕಾಗುಣಿತ ಭಯಂಕರ, ಒಂದೇ ಪದವನ್ನು ಒಂದೇ ಕಾಗದದಲ್ಲಿ ಮೂರು ತರಹ ಬರೆಯುತ್ತಾರೆ. ಮಗಳು ಆಧುನಿಕ ಕಾಗುಣಿತದ ಪಾಠ ತೆಗೆಯುವುದು ಹೇಗೆಂದು ತೋರಿಸಿಕೊಟ್ಟಳು.

ಮನುಷ್ಯ ಸಾಮಾನ್ಯದವನಲ್ಲ. ಅಪ್ಪ ಐದನೆಯ ಅರ್ಲ್ ಫ್ರಾನ್ಸಿಸ್ 1560ರಲ್ಲಿ ತೀರಿಕೊಂಡಾಗ ಈತನ ಕೈಗೆ ಬಂದದ್ದು ಹೆಚ್ಚುಕಡಿಮೆ ಒಂದು ಸಣ್ಣ ಸಂಸ್ಥಾನ. ಶೆಫೀಲ್ಡಿನ ಕೋಟೆ, ಗುಡ್ಡದ ಮೇಲಿನ ಮ್ಯಾನರ್ ಲಾಡ್ಜ್, ವಿಂಗ್‌ಫೀಲ್ಡ್, ರಫರ್ಡ್, ವರ್ಕ್‌ಸಾಪ್, ಬಕ್ಸ್‌ಟನ್, ಜತೆಗೆ ಟಟ್‌ಬರಿ ಕೋಟೆಯ ಗುತ್ತಿಗೆ. ಬರೀ ಗೇಣಿ ವಸೂಲಿಯಲ್ಲಿ ಕೂತು ತಿಂದವನೂ ಅಲ್ಲ. ಸೀಸ ಕರಗಿಸಿ ಮಾರುತ್ತಿದ್ದ, ಕಬ್ಬಿಣದ ಕುಲುಮೆ, ಕಲ್ಲಿದ್ದಲು, ಗಾಜು ಎಲ್ಲದಕ್ಕೂ ಕೈ ಹಾಕಿದ್ದ. ಸ್ವಂತ ಹಡಗೂ ಇತ್ತು. ಅದು 1585ರಲ್ಲಿ ಫ್ರಾನ್ಸಿಸ್ ಡ್ರೇಕನ ಜತೆ ವೆಸ್ಟ್ ಇಂಡೀಸ್ ದಂಡಯಾತ್ರೆಗೂ ಹೋಗಿತ್ತು. ಇಲ್ಲಿಯ ಚಾಕು ಮಾಡುವ ಕಸುಬಿಗೆ 1565ರಲ್ಲಿ ಕಟ್ಟುಪಾಡು ಬರೆಸಿದವನೂ ಈತನೇ. ರಾಣಿಯ ಖಜಾಂಚಿ ಲಾರ್ಡ್ ಬರ್ಲಿಗೆ ಒಂದು ಪೆಟ್ಟಿಗೆ ಚಾಕುಗಳನ್ನು ಉಡುಗೊರೆ ಕಳಿಸಿ, ನಮ್ಮ ಬಡ ಸೀಮೆಯಲ್ಲಿ ಬೆಳೆಯುವ ಹಣ್ಣು ಇದೇ ಅನ್ನುವ ಅರ್ಥದಲ್ಲಿ ಬರೆದಿದ್ದಾನೆ. ಬಡ ಸೀಮೆಯಂತೆ! ಸಾಲ ಕೇಳಲು ಬಂದ ರೈಸ್‌ಮಿಲ್ ಮಾಲೀಕರು ನನ್ನೆದುರು ಕೂತು ಹೀಗೇ ಮಾತಾಡುತ್ತಿದ್ದರು.

ಮೊದಲ ಹೆಂಡತಿ ಗರ್ಟ್ರೂಡ್ ಮ್ಯಾನರ್ಸ್, ರಟ್ಲಂಡಿನ ಅರ್ಲ್‌ನ ಮಗಳು. ನಾಲ್ಕು ಗಂಡು, ಮೂರು ಹೆಣ್ಣು ಹೆತ್ತು 1567ರಲ್ಲಿ ತೀರಿಕೊಂಡಳು. ಹೆಚ್ಚು ದಿನ ಕಳೆಯುವ ಮೊದಲೇ ಜಾರ್ಜ್ ಮತ್ತೆ ಮದುವೆಯಾದ. ಹೆಣ್ಣು ಬೆಸ್, ಡಾರ್ಬಿಶೈರಿನ ಹಾರ್ಡ್‌ವಿಕ್ಕಿನವಳು. ಈತ ಆಕೆಗೆ ನಾಲ್ಕನೆಯ ಗಂಡ. ಸಣ್ಣ ಜಮೀನುದಾರರ ಮನೆಯಲ್ಲಿ ಹುಟ್ಟಿ, ಒಬ್ಬೊಬ್ಬ ಗಂಡ ಸತ್ತಾಗಲೂ ಒಂದೊಂದು ಮೆಟ್ಟಿಲು ಹತ್ತಿದವಳು. ಎರಡನೆಯ ಗಂಡ ವಿಲಿಯಂ ಕ್ಯಾವೆಂಡಿಶ್ ಜತೆ ಸೇರಿ ಚಾಟ್ಸ್‌ವರ್ತ್ ಎಂಬ ಬಂಗಲೆ ಕಟ್ಟಿಸಿದ್ದಳು, ಅವನಿಂದ ಎಂಟು ಮಕ್ಕಳಾಗಿ ಆರು ಉಳಿದಿದ್ದವು. ಲೆಕ್ಕದ ಪುಸ್ತಕದ ಪುಟಪುಟಕ್ಕೂ ತಾನೇ ರುಜು ಹಾಕುತ್ತಿದ್ದವಳು. ಇಂಥ ಕಸ್ಟಮರ್ ಎದುರು ಕೂತರೆ ಮ್ಯಾನೇಜರನೇ ನೆಟ್ಟಗೆ ಕೂರುತ್ತಾನೆ.

ಇಬ್ಬರೂ ಬುದ್ಧಿವಂತರು. ಎರಡು ಮನೆಯ ಆಸ್ತಿ ಚದುರಬಾರದು ಅಂತ ಮಕ್ಕಳಲ್ಲೂ ಕೊಟ್ಟು ತರುವ ಸಂಬಂಧ ಮಾಡಿಬಿಟ್ಟರು. 1568ರ ಫೆಬ್ರವರಿಯಲ್ಲಿ, ಈಗ ನಾನು ಗಾಡಿ ತಳ್ಳಿಕೊಂಡು ಹೋದ ಇದೇ ಚರ್ಚಿನಲ್ಲಿ, ಒಂದೇ ದಿನ ಎರಡು ಮದುವೆ. ಅರ್ಲ್‌ನ ಮಗ ಗಿಲ್ಬರ್ಟ್‌ಗೆ ಹದಿನೈದು, ಬೆಸ್‌ಳ ಮಗಳು ಮೇರಿಗೆ ಹನ್ನೆರಡು. ಬೆಸ್‌ಳ ಮಗ ಹೆನ್ರಿಗೆ ಹದಿನೇಳು, ಅರ್ಲ್‌ನ ಮಗಳು ಗ್ರೇಸ್‌ಗೆ ಸುಮಾರು ಎಂಟು. ಗಿಲ್ಬರ್ಟನಿಗೆ ಮಲತಾಯಿಯೇ ಅತ್ತೆ. ಅವನ ಹೆಂಡತಿಗೆ ಮಲತಂದೆಯೇ ಮಾವ. ಇದನ್ನು ನನ್ನ ಹೆಂಡತಿಗೆ ಹೇಳಿದಾಗ ಆಕೆ ಹಿಟ್ಟು ಕಲಸುವ ಕೈ ನಿಲ್ಲಿಸಿ ಅಂದಳು: “ಇದು ಚೆನ್ನಾಗಿರೋ ತನಕ ಚೆನ್ನಾಗಿರತ್ತೆ. ಮುರಿದರೆ ನಾಲ್ಕು ಮನೆ ಒಟ್ಟಿಗೆ ಮುರಿಯತ್ತೆ.” ನಾನಿನ್ನೂ ಮುಂದಿನ ಕಥೆ ಹೇಳಿರಲಿಲ್ಲ.

ಮೊದಮೊದಲು ಚೆನ್ನಾಗಿಯೇ ಇತ್ತು. ಈ ಅರ್ಲ್ ಬರೆದ ಕಾಗದಗಳನ್ನು ನೋಡಬೇಕು. ಅಕ್ಷರ ಕೋಳಿ ಕೆರೆದ ಹಾಗೆ. ಕೈಗೆ ವಾಯು, ಬೆರಳು ಮಡಚಲು ಬಾರದು. ಆದರೂ ಹೆಂಡತಿಗೆ ಮಾತ್ರ ಸ್ವಂತ ಕೈಯಲ್ಲಿ ಬರೆಯುತ್ತಾನೆ. ದೇವರು ಕೊಟ್ಟ ಲೋಕದ ಸಂತೋಷಗಳಲ್ಲೆಲ್ಲ ನೀನೇ ದೊಡ್ಡದು ಅನ್ನುತ್ತಾನೆ. ನಡುವಯಸ್ಸು ದಾಟಿದ, ಏಳು ಮಕ್ಕಳ ತಂದೆ.

1569ರ ಫೆಬ್ರವರಿಯಲ್ಲಿ ಇವರ ಮನೆಗೆ ಒಬ್ಬ ಅತಿಥಿ ಬಂದಳು.

ಸ್ಕಾಟ್ಲೆಂಡಿನ ರಾಣಿ ಮೇರಿ. ಹಿಂದಿನ ವರ್ಷ ಮೇ ತಿಂಗಳಲ್ಲಿ ತನ್ನ ದೇಶದಿಂದ ಓಡಿ ಬಂದು ಇಂಗ್ಲೆಂಡಿನ ಮಡಿಲಿಗೆ ಬಿದ್ದವಳು. ಎಲಿಜಬೆತ್ ರಾಣಿಗೆ ಆಕೆ ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಸಿಂಹಾಸನಕ್ಕೆ ಹಕ್ಕಿರುವ ರಕ್ತಸಂಬಂಧಿ, ಮೇಲೆ ಕ್ಯಾಥೊಲಿಕ್. ಸೆರೆಮನೆಗೆ ಹಾಕಿದರೆ ಫ್ರಾನ್ಸು, ಸ್ಪೇನು ಸುಮ್ಮನಿರುವುದಿಲ್ಲ. ಬಿಟ್ಟರೆ ತನ್ನ ಕಿರೀಟ ಉಳಿಯುವುದಿಲ್ಲ. ಹಾಗಾಗಿ ಸ್ಕಾಟ್ಲೆಂಡಿಗೂ ಸಮುದ್ರಕ್ಕೂ ಲಂಡನ್ನಿಗೂ ದೂರವಿರುವ, ಬೇಕಾದಷ್ಟು ಮನೆಗಳಿರುವ, ಪ್ರಾಟೆಸ್ಟಂಟ್ ಆಗಿಯೂ ಒರಟನಲ್ಲದ ಒಬ್ಬ ನಂಬಿಗಸ್ತ ಬೇಕಾಗಿದ್ದ. ಶ್ರೂಸ್‌ಬರಿಯ ಅರ್ಲ್ ಎಲ್ಲಕ್ಕೂ ಹೊಂದುತ್ತಿದ್ದ. ಇದು ತನಗೆ ಸಿಕ್ಕ ದೊಡ್ಡ ಗೌರವ ಅಂತ ಅವನು ಹಿಗ್ಗಿದ. ಕೆಲವು ತಿಂಗಳ ಮಾತು ಅಂದುಕೊಂಡದ್ದು ಹದಿನೈದೂವರೆ ವರ್ಷ ಆಯಿತು.

ಇಲ್ಲಿಂದ ನನ್ನ ಕಸುಬಿನ ಕಣ್ಣು ತೆರೆದುಕೊಂಡಿತು. ಖರ್ಚಿಗೆಂದು ಸರ್ಕಾರ ಮಂಜೂರು ಮಾಡಿದ್ದು ವಾರಕ್ಕೆ 52 ಪೌಂಡು, ವರ್ಷಕ್ಕೆ 2,704. ಕೇಳಲು ದೊಡ್ಡ ಮೊತ್ತವೇ. ಆದರೆ ಸೆರೆಯಲ್ಲಿದ್ದರೂ ರಾಣಿ ರಾಣಿಯೇ. ಕೂರುವ ಪೀಠದ ಮೇಲೆ ರಾಜಛತ್ರ ಬೇಕು. ಊಟಕ್ಕೆ ಎರಡು ಸರದಿ, ಒಂದೊಂದರಲ್ಲಿ ಹದಿನಾರು ಬಗೆ. ಜತೆಗೆ ಬಂದ ಆಳುಕಾಳು, ವೈದ್ಯ, ಕಾರ್ಯದರ್ಶಿ, ಅಡುಗೆಯವರು. ಅವರ ಸಂಖ್ಯೆಯನ್ನು ಆಗಾಗ ಕತ್ತರಿಸಿದರೂ ಮತ್ತೆ ಬೆಳೆಯುತ್ತಿತ್ತು. ಅವರನ್ನು ಕಾಯಲು ಅರ್ಲ್‌ನ ಸ್ವಂತ ಕಾವಲು ಪಡೆ, ಆ ಪಡೆಗೂ ಊಟ, ಸಂಬಳ. ವೈನಿನ ತೆರಿಗೆಯಲ್ಲಿ ರಿಯಾಯಿತಿ ಕೊಡಿ ಅಂತ ಆತ ಬರೆದ ಅರ್ಜಿ ಇದೆ. ತಿಂಗಳಿಗೆ ಎರಡು ಟನ್ ಸಾಲುತ್ತಿಲ್ಲ, ಅದೂ ರಾಣಿಯ ಸ್ನಾನಕ್ಕೆ ಆಗಾಗ ಬಳಸುವುದನ್ನು ಬಿಟ್ಟು ಅನ್ನುತ್ತಾನೆ. ಟನ್ ಅಂದರೆ ಆ ಕಾಲದ ದೊಡ್ಡ ಪೀಪಾಯಿ, 252 ಗ್ಯಾಲನ್. ಎರಡು ಟನ್ನಿಗೆ ಹತ್ತಿರಹತ್ತಿರ 1,900 ಲೀಟರ್. ಆ ಕಾಗದ ಓದಿ ನಾನು ನಕ್ಕ ಸದ್ದಿಗೆ ಮೊಮ್ಮಗ ಎದ್ದುಬಿಟ್ಟ.

ಮೇಲಿನವರು ಏನು ಮಾಡಿದರು? 52ನ್ನು 30ಕ್ಕೆ ಇಳಿಸಿದರು. ವರ್ಷಕ್ಕೆ 1,144 ಪೌಂಡು ಕಡಿತ. ಆ 30 ಕೂಡ ಹೊತ್ತಿಗೆ ಸರಿಯಾಗಿ ಬರುತ್ತಿರಲಿಲ್ಲ. ಅರ್ಲ್ ಕಾಗದದ ಮೇಲೆ ಕಾಗದ ಬರೆಯುತ್ತಾನೆ, ಮಗ ಗಿಲ್ಬರ್ಟನನ್ನು ಆಸ್ಥಾನಕ್ಕೆ ಕಳಿಸಿ ಕೇಳಿಸುತ್ತಾನೆ. ರಾಣಿಯಿಂದ ಸಕ್ಕರೆಯಂಥ ಮಾತು ಬರುತ್ತದೆ, ದುಡ್ಡು ಬರುವುದಿಲ್ಲ. ಎಲಿಜಬೆತ್ತಳ ಜಿಪುಣತನದ ಬಗ್ಗೆ ಇತಿಹಾಸಕಾರರು ದೇಶದ ಬೊಕ್ಕಸ, ಯುದ್ಧ ಅಂತ ಸಮಾಧಾನ ಹೇಳುತ್ತಾರೆ. ಇರಬಹುದು. ನನ್ನ ಕಣ್ಣಿಗೆ ಮಾತ್ರ ಇದು ಹೆಡ್ ಆಫೀಸಿನ ಚಾಳಿ. “ನಿಮ್ಮ ಸೇವೆ ಅಮೂಲ್ಯ” ಅಂತ ಸರ್ಕ್ಯುಲರ್ ಬರುತ್ತದೆ, ಟಿಎ ಬಿಲ್ಲು ವಾಪಸ್ ಬರುತ್ತದೆ.

ದುಡ್ಡಿನದು ಒಂದು ಪಾಲು. ಇನ್ನೊಂದು ಪಾಲು ಏನೆಂದರೆ, ಕೈದಿ ಸೆರೆಯಲ್ಲಿದ್ದರೆ ಕಾವಲುಗಾರನೂ ಸೆರೆಯಲ್ಲೇ. ಅರ್ಲ್ ಅಪ್ಪಣೆ ಇಲ್ಲದೆ ಎಲ್ಲಿಗೂ ಹೋಗುವಂತಿಲ್ಲ. ಆಸ್ಥಾನಕ್ಕೆ ಹೋಗಿ ತನ್ನ ಪರ ಮಾತಾಡಿಕೊಳ್ಳುವಂತಿಲ್ಲ. ಆ ಕಾಲದ ದೊಡ್ಡ ಮನೆಗಳಲ್ಲಿ ಚರಂಡಿ ತುಂಬಿದರೆ ಇಡೀ ಸಂಸಾರ ಇನ್ನೊಂದು ಮನೆಗೆ ಹೋಗಿ, ಹಿಂದಿನದನ್ನು ತೊಳೆಸುವುದು ವಾಡಿಕೆ. ಇಲ್ಲಿ ಅದಕ್ಕೂ ಲಂಡನ್ನಿನ ಅನುಮತಿ ಬೇಕು. ಶೆಫೀಲ್ಡ್ ಕೋಟೆಯಿಂದ ಗುಡ್ಡದ ಮೇಲಿನ ಮ್ಯಾನರ್‌ಗೆ, ಮ್ಯಾನರಿನಿಂದ ಕೋಟೆಗೆ. ಆ ದಾರಿ ನಾನು ನಡೆದಿದ್ದೇನೆ, ಮೈಲಿಗಿಂತ ಸ್ವಲ್ಪ ಹೆಚ್ಚು, ಪೂರ್ತಿ ಏರು. ಕೋಟೆ ಈಗಿಲ್ಲ, 1640ರ ದಶಕದ ಅಂತರ್ಯುದ್ಧ ಮುಗಿದ ಮೇಲೆ ಕೆಡವಿದರು. ಆ ಜಾಗದಲ್ಲಿ ಕಟ್ಟಿದ ಕ್ಯಾಸಲ್ ಮಾರ್ಕೆಟ್ಟನ್ನೂ ಈಚೆಗೆ ಕೆಡವಿದ್ದಾರೆ. ಮ್ಯಾನರಿನಲ್ಲಿ ಮಾತ್ರ ಮುರುಕು ಗೋಡೆಗಳ ನಡುವೆ ಟರೆಟ್ ಹೌಸ್ ಅನ್ನುವ ಮೂರಂತಸ್ತಿನ ಪುಟ್ಟ ಕಟ್ಟಡ ನೆಟ್ಟಗೆ ನಿಂತಿದೆ. ಮೇಲಿನ ಕೋಣೆಯ ಗಾರೆ ಚಾವಣಿಯಲ್ಲಿ ಅದೇ ಟಾಲ್ಬಟ್ ನಾಯಿ. ಕಿಟಕಿಯಲ್ಲಿ ನಿಂತರೆ ಇಡೀ ಊರು ಕಾಣುತ್ತದೆ. ಅವತ್ತು ಅದು ಜಿಂಕೆಗಳ ಉದ್ಯಾನವಾಗಿತ್ತು.

ಈ ಮನೆಗಳಲ್ಲಿ ಬೆಸ್ ಮತ್ತು ಮೇರಿ ಒಟ್ಟಿಗೆ ಕೂತು ಕಸೂತಿ ಹಾಕುತ್ತಿದ್ದರು. ಅವರು ಹಾಕಿದ ತುಂಡುಗಳು ಇವತ್ತಿಗೂ ಇವೆ. ಒಂದರಲ್ಲಿ ಕೆಂಚು ಬೆಕ್ಕು, ಪಕ್ಕದಲ್ಲಿ ಇಲಿ. ಎಲಿಜಬೆತ್‌ಗೆ ಕೆಂಚು ಕೂದಲು. ಮಿಕ್ಕದ್ದು ನೀವೇ ಊಹಿಸಿ.

ಈಗ ನನಗೆ ನಿದ್ದೆಗೆಡಿಸಿದ ಸಂಗತಿಗೆ ಬರುತ್ತೇನೆ. 1575ರ ಫೆಬ್ರವರಿಯಲ್ಲಿ ಗಿಲ್ಬರ್ಟನ ಹೆಂಡತಿ ಮೇರಿ ಶೆಫೀಲ್ಡ್ ಕೋಟೆಯಲ್ಲಿ ಗಂಡುಮಗು ಹೆತ್ತಳು. ತವರೂ ಅದೇ, ಗಂಡನ ಮನೆಯೂ ಅದೇ, ಇನ್ನೆಲ್ಲಿಗೆ ಹೋಗಬೇಕಿತ್ತು ಆ ಹುಡುಗಿ? ಆದರೆ ಲಂಡನ್ನಿನಲ್ಲಿ ರಾಣಿಗೆ ಸಿಟ್ಟು ಬಂತು. ಹೆರಿಗೆ ಅಂದರೆ ಸೂಲಗಿತ್ತಿ ಬರುತ್ತಾಳೆ, ನೋಡಲು ನೆಂಟರು ಬರುತ್ತಾರೆ, ನಾಮಕರಣಕ್ಕೆ ಊರವರು ಬರುತ್ತಾರೆ. ಅವರ ಸೆರಗಿನಲ್ಲಿ ಕೈದಿರಾಣಿಯ ಚೀಟಿ ಹೊರಗೆ ಹೋದರೆ? ಅರ್ಲ್ ಬರ್ಲಿಗೆ ಬರೆದ ವಿವರಣೆ ಇದೆ. ಸೂಲಗಿತ್ತಿಯೊಬ್ಬಳನ್ನು ಬಿಟ್ಟು ಯಾರನ್ನೂ ಒಳಗೆ ಬಿಟ್ಟಿಲ್ಲ. ಜನ ಸೇರಬಾರದೆಂದು ನಾನೇ, ನನ್ನ ಇಬ್ಬರು ಮಕ್ಕಳನ್ನು ಜತೆಗಿಟ್ಟುಕೊಂಡು, ಮಗುವಿಗೆ ದೀಕ್ಷಾಸ್ನಾನ ಮಾಡಿಸಿದೆ.

ಮಗುವಿಗೆ ಇಟ್ಟ ಹೆಸರು ಜಾರ್ಜ್, ತಾತನದೇ.

ನನ್ನ ಮೊಮ್ಮಗನ ನಾಮಕರಣ ಇಲ್ಲಿಯ ಬಾಡಿಗೆ ಫ್ಲ್ಯಾಟಿನ ಹಾಲಿನಲ್ಲಿ ಆಯಿತು. ಪುರೋಹಿತರು ತಿಪಟೂರಿನಿಂದ ವಿಡಿಯೊ ಕಾಲಿನಲ್ಲಿ ಮಂತ್ರ ಹೇಳಿದರು, ನೆಟ್‌ವರ್ಕ್ ಹೋದಾಗ ನಾನೇ “ಇದಂ ನಮಮ” ಅಂತ ಸುಧಾರಿಸಿದೆ. ಬಂದವರು ಐದು ಜನ. ತೊಟ್ಟಿಲು ಇಲ್ಲ, ಊರ ಹೆಂಗಸರ ಹಾಡಿಲ್ಲ ಅಂತ ನನ್ನ ಹೆಂಡತಿ ಎರಡು ದಿನ ಮುಖ ಸಣ್ಣ ಮಾಡಿಕೊಂಡಿದ್ದಳು. ಹಾಗಾಗಿ ಆ ತಾತ, ನಾಡಿನ ಅತಿ ದೊಡ್ಡ ಸಿರಿವಂತರಲ್ಲಿ ಒಬ್ಬ, ತನ್ನದೇ ಕೋಟೆಯಲ್ಲಿ ಬಾಗಿಲು ಹಾಕಿಕೊಂಡು, ವಾಯು ಹಿಡಿದ ಕೈಯಲ್ಲಿ ಮೊಮ್ಮಗನ ತಲೆಗೆ ನೀರು ಹಾಕುವುದು ನನ್ನ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತದೆ.

ಆ ಮಗು ಬದುಕಿದ್ದು ಎರಡೂವರೆ ವರ್ಷ. 1577ರ ಆಗಸ್ಟಿನಲ್ಲಿ ಒಂದು ರಾತ್ರಿ ಹೋಗಿಬಿಟ್ಟಿತು. ಅರ್ಲ್ ಬರೆಯುತ್ತಾನೆ: ದೇವರು ನನ್ನ ಅತಿ ಪ್ರಿಯವಾದ ಒಡವೆಯನ್ನು ತೆಗೆದುಕೊಂಡ. ನಾನು ದೇವರ ಇಚ್ಛೆಗೆ ತಲೆಬಾಗಿದ್ದೇನೆ, ನನ್ನ ಹೆಂಡತಿಗೆ ಮಾತ್ರ ತಡೆದುಕೊಳ್ಳಲಾಗುತ್ತಿಲ್ಲ, ಅತ್ತೂ ಅತ್ತೂ ಸೊರಗಿದ್ದಾಳೆ. ಅವಳ ಬಳಿಗೆ ಚಾಟ್ಸ್‌ವರ್ತಿಗೆ ಹೋಗಲು ಅಪ್ಪಣೆ ಬೇಕು. ಈ ಕಾಗದವನ್ನು ನಾನು ಮನೆಯಲ್ಲಿ ಯಾರಿಗೂ ಓದಿ ಹೇಳಲಿಲ್ಲ.

ಆಮೇಲೆ ದಾಂಪತ್ಯ ಹದಗೆಟ್ಟ ಬಗೆಯನ್ನು ಬರೆಯಲು ಹೋದರೆ ಬೇರೆಯೇ ಗ್ರಂಥವಾದೀತು. ಬಿರುಕು ಮೊದಲೇ ಇತ್ತು. 1574ರಲ್ಲಿ ಬೆಸ್ ತನ್ನ ಇನ್ನೊಬ್ಬ ಮಗಳು ಎಲಿಜಬೆತ್‌ಳನ್ನು ರಫರ್ಡ್‌ನಲ್ಲಿ ಚಾರ್ಲ್ಸ್ ಸ್ಟುವರ್ಟ್ ಅನ್ನುವ ಹುಡುಗನಿಗೆ ತರಾತುರಿಯಲ್ಲಿ ಕೊಟ್ಟು ಮದುವೆ ಮಾಡಿದ್ದಳು. ಹುಡುಗನದು ರಾಜವಂಶ, ಮೈದುನಸಂಬಂಧದಲ್ಲಿ ನೋಡಿದರೆ ಕೈದಿ ಮೇರಿಯ ಸತ್ತ ಗಂಡನ ತಮ್ಮ. ಇಂಥ ಮದುವೆಗೆ ರಾಣಿಯ ಒಪ್ಪಿಗೆ ಬೇಕಿತ್ತು, ಕೇಳಿರಲಿಲ್ಲ. ಹುಡುಗನ ತಾಯಿಯನ್ನು ಲಂಡನ್ ಟವರಿಗೆ ತಳ್ಳಿದರು. ಅರ್ಲ್ ನನಗೆ ಗೊತ್ತೇ ಇರಲಿಲ್ಲ ಸ್ವಾಮಿ ಅಂತ ಬರೆದು ಕೈ ತೊಳೆದುಕೊಂಡ. ತನ್ನದೇ ಮನೆಯಲ್ಲಿ ನಡೆದ ಮದುವೆ! ಆ ಮದುವೆಯಿಂದ ಹುಟ್ಟಿದ ಅರ್ಬೆಲ್ಲ ಸ್ಟುವರ್ಟ್‌ಗೆ ಸಿಂಹಾಸನದ ಹಕ್ಕು ಬಂತು. ಆ ಹಕ್ಕೇ ಆ ಹುಡುಗಿಯ ಬದುಕನ್ನು ನುಂಗಿತು.

ಆದರೂ ನನ್ನ ಮನಸ್ಸಿನಲ್ಲಿ ಉಳಿದಿರುವುದು ಇಂಥ ದೊಡ್ಡ ಜಗಳಗಳಲ್ಲ, ಬೆಸ್ ಬರೆದ ಒಂದು ಸಣ್ಣ ಕಾಗದ. ಆಕೆ ಚಾಟ್ಸ್‌ವರ್ತ್‌ನಲ್ಲಿ, ಗಂಡ ಶೆಫೀಲ್ಡಿನಲ್ಲಿ ಕೈದಿಯ ಜತೆ. ನಿಮಗೆ ಇಷ್ಟ ಅಂತ ಲೆಟಿಸ್ ಕಳಿಸಿದ್ದೇನೆ, ಎರಡು ದಿನಕ್ಕೊಮ್ಮೆ ನಿಮಗೂ ನಿಮ್ಮ ಕಾವಲಿನಲ್ಲಿರುವವಳಿಗೂ ಕಳಿಸುತ್ತಲೇ ಇದ್ದೇನೆ ಅನ್ನುತ್ತಾಳೆ. ಅದರ ಹಿಂದೆಯೇ, ಎತ್ತು ಕೊಳ್ಳಲು ದುಡ್ಡು ಕಳಿಸುತ್ತೇನೆ ಅಂದಿದ್ದಿರಿ, ಇನ್ನೂ ಬಂದಿಲ್ಲ, ಕಣ್ಣಿಗೆ ಮರೆಯಾದರೆ ಮನಸ್ಸಿಗೂ ಮರೆ ಅಂತ ಚುಚ್ಚುತ್ತಾಳೆ. ಸೊಪ್ಪು, ದುಡ್ಡು, ಮುನಿಸು ಮೂರೂ ಒಂದೇ ಉಸಿರಿನಲ್ಲಿ. ಈ ಕಾಗದ ಓದಿ ಹೇಳಿದಾಗ ನನ್ನ ಹೆಂಡತಿ, “ಅವಳು ಸರಿಯಾಗೇ ಬರೆದಿದಾಳೆ” ಅಂದಳು. ಏನೋ ಹಳೇ ಬಾಕಿ ನೆನಪಿಸಿದ ಧಾಟಿ ಇತ್ತು. ನಾನು ಮುಂದಕ್ಕೆ ಮಾತು ಬೆಳೆಸಲಿಲ್ಲ.

1580ರ ದಶಕಕ್ಕೆ ಬಂದರೆ “ನನ್ನ ಒಡವೆ” ಹೋಗಿ “ದುಷ್ಟ ಹೆಂಡತಿ” ಬಂದಿರುತ್ತದೆ. ಚಾಟ್ಸ್‌ವರ್ತ್ ಯಾರದ್ದು ಅನ್ನುವುದೇ ಜಗಳದ ಬೇರು. 1572ರಲ್ಲಿ ಅರ್ಲ್ ಒಂದು ದಾನಪತ್ರ ಬರೆದು ಆಕೆಯ ಆಸ್ತಿಯನ್ನು ಆಕೆಯ ಗಂಡುಮಕ್ಕಳಾದ ವಿಲಿಯಂ, ಚಾರ್ಲ್ಸ್ ಹೆಸರಿಗೆ ಬಿಟ್ಟುಕೊಟ್ಟಿದ್ದ. ಕೈ ಖಾಲಿಯಾಗುತ್ತ ಬಂದಂತೆ ಆ ಪತ್ರದ ಮೇಲೆ ಕಣ್ಣು ಕೆಂಪಾಯಿತು. 1584ರ ಬೇಸಿಗೆಯಲ್ಲಿ ಆಯುಧ ಹಿಡಿದ ಆಳುಗಳನ್ನು ಕಟ್ಟಿಕೊಂಡು ಚಾಟ್ಸ್‌ವರ್ತಿಗೇ ನುಗ್ಗಲು ಹೋದ. ಮಲಮಗ ವಿಲಿಯಂ ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ಬಾಗಿಲು ತೆಗೆಯಲು ಒಪ್ಪಲಿಲ್ಲ, ಅದಕ್ಕಾಗಿ ಜೈಲಿಗೂ ಹೋದ. ಅದೇ ಹೊತ್ತಿಗೆ ಅರ್ಲ್‌ಗೂ ಮೇರಿಗೂ ಸಂಬಂಧವಿದೆ ಎಂಬ ಗುಸುಗುಸು ಹಬ್ಬಿತ್ತು. ಹಬ್ಬಿಸಿದವರು ಬೆಸ್ ಮತ್ತು ಮಕ್ಕಳೇ ಅಂತ ಅರ್ಲ್‌ನ ದೂರು. ಅವರು ರಾಣಿಯ ಮಂತ್ರಿಸಭೆಯಾದ ಪ್ರಿವಿ ಕೌನ್ಸಿಲ್ ಮುಂದೆ ಪ್ರಮಾಣ ಮಾಡಿ ಅದು ಸುಳ್ಳು ಸುದ್ದಿ ಎಂದು ಹೇಳಬೇಕಾಯಿತು. ಗಿಲ್ಬರ್ಟ್ ಅಪ್ಪನ ಕಡೆ ನಿಲ್ಲಬೇಕೋ, ಅತ್ತೆಯ ಕಡೆಯೋ? ಹೆಂಡತಿಯ ಮುಖ ನೋಡಿ ಅತ್ತೆಯ ಕಡೆ ವಾಲಿದ. ಅಪ್ಪ ಅದನ್ನು ಕೊನೆಯವರೆಗೂ ಕ್ಷಮಿಸಲಿಲ್ಲ. ಹಿಟ್ಟಿನ ಕೈಯಲ್ಲಿ ನನ್ನವಳು ಹೇಳಿದ್ದು ಇದನ್ನೇ.

1584ರಲ್ಲಿ ಕೈದಿಯನ್ನು ಬೇರೆಯವರಿಗೆ ಒಪ್ಪಿಸಿದರು. ಇಬ್ಬರು ಪಿಶಾಚಿಗಳಿಂದ ನನ್ನನ್ನು ಬಿಡಿಸಿದಿರಿ ಅಂತ ಅರ್ಲ್ ರಾಣಿಗೆ ಕೈಮುಗಿದನೆಂಬ ಮಾತು ಅವತ್ತಿನಿಂದ ಇವತ್ತಿನವರೆಗೆ ಓಡಾಡುತ್ತಿದೆ. ಒಬ್ಬಳು ಕೈದಿ, ಇನ್ನೊಬ್ಬಳು ಹೆಂಡತಿ. ಆದರೆ ಪೂರ್ತಿ ಬಿಡುಗಡೆ ಎಲ್ಲಿ? 1587ರ ಫೆಬ್ರವರಿ 7ರ ಸಂಜೆ ಫಾದರಿಂಗೇ ಕೋಟೆಯಲ್ಲಿ ಮೇರಿಗೆ ನಾಳೆ ಬೆಳಿಗ್ಗೆ ನಿನ್ನ ತಲೆ ಕಡಿಯುತ್ತೇವೆ ಅಂತ ಹೋಗಿ ಹೇಳಬೇಕಾಗಿ ಬಂದದ್ದು ಈತನಿಗೇ. ಮರುದಿನ ಕೊಲೆಗಟ್ಟೆಯ ಬಳಿ ಅಧಿಕಾರಿಯಾಗಿ ನಿಂತದ್ದೂ ಈತನೇ. ರಾಜ್ಯದ ದೊಡ್ಡ ಹುದ್ದೆಗಳಲ್ಲೊಂದಾದ ಅರ್ಲ್ ಮಾರ್ಷಲ್ ಪದವಿ ಈತನದಾಗಿತ್ತು. ಆ ಪದವಿ ಬಂದ ಬಗೆ ಇನ್ನೂ ವಿಚಿತ್ರ. ಮೇರಿಯನ್ನು ಮದುವೆಯಾಗುವ ಸಂಚು ಮಾಡಿದ ನಾರ್ಫೋಕಿನ ಡ್ಯೂಕ್ ಥಾಮಸ್ ಹೊವರ್ಡ್‌ನನ್ನು 1572ರ ಜನವರಿಯಲ್ಲಿ ವಿಚಾರಣೆ ಮಾಡಿ, ಅಳುತ್ತಲೇ ಮರಣದಂಡನೆ ಓದಿದ್ದು ಇದೇ ಶ್ರೂಸ್‌ಬರಿ. ಆ ಡ್ಯೂಕ್ ಹೋದ ಮೇಲೆ ಅವನ ಪದವಿ ಇವನಿಗೆ ಬಂತು.

ಈಗ ನನ್ನ ಬೀದಿ ಬೋರ್ಡಿನ ಲೆಕ್ಕ ತಾಳೆ ಆಯಿತು. ಗಿಲ್ಬರ್ಟ್‌ಗೆ ಗಂಡು ಸಂತಾನ ಉಳಿಯಲಿಲ್ಲ, ಮಗು ಜಾರ್ಜ್‌ನ ಕಥೆ ಹೇಳಿದೆನಲ್ಲ. ಗಿಲ್ಬರ್ಟನ ಮಗಳು ಅಲಿತಿಯ 1606ರಲ್ಲಿ ಮದುವೆಯಾದದ್ದು ಅರಂಡೆಲ್ಲಿನ ಅರ್ಲ್ ಥಾಮಸ್ ಹೊವರ್ಡ್‌ನನ್ನು. ಯಾರವನು? ತಲೆ ಕಡಿಸಿಕೊಂಡ ಡ್ಯೂಕನ ಮೊಮ್ಮಗ. ಶಿಕ್ಷೆ ಓದಿದವನ ಮೊಮ್ಮಗಳು, ಶಿಕ್ಷೆ ಅನುಭವಿಸಿದವನ ಮೊಮ್ಮಗ. ಅವಳ ಹಿಂದೆ ಶೆಫೀಲ್ಡಿನ ಭೂಮಿಯೆಲ್ಲ ಹೊವರ್ಡರ ಮನೆಗೆ ಹೋಯಿತು, ಹೊವರ್ಡರು ಮುಂದೆ ಮತ್ತೆ ನಾರ್ಫೋಕಿನ ಡ್ಯೂಕರಾದರು. ನಾರ್ಫೋಕ್ ಸ್ಟ್ರೀಟ್ ಬಂದದ್ದು ಹೀಗೆ.

ಕೊನೆಯ ವರ್ಷಗಳಲ್ಲಿ ಅರ್ಲ್ ಹೆಂಡತಿಯನ್ನು ಬಿಟ್ಟು ಶೆಫೀಲ್ಡ್ ಬಳಿಯೇ ಇದ್ದ. ಎಲಿನರ್ ಬ್ರಿಟನ್ ಎಂಬ ಮನೆವಾರ್ತೆಯವಳು ಜತೆಗಿದ್ದಳು. ರಾಣಿಯೇ ನಡುವೆ ಬಂದು ರಾಜಿ ಮಾಡಿಸಿದರೂ ಸಂಸಾರ ಕೂಡಲಿಲ್ಲ. 1590ರ ಅಕ್ಟೋಬರಿನಲ್ಲಿ ಲಿಚ್‌ಫೀಲ್ಡಿನ ಬಿಷಪ್ ಈತನಿಗೆ ಬುದ್ಧಿ ಹೇಳಿ ಒಂದು ಕಾಗದ ಬರೆದರು. ನಿಮ್ಮ ಹೆಂಡತಿ ಬಾಯಿಬಡುಕಿ ಅನ್ನುತ್ತಾರೆ, ಇರಬಹುದು. ಅದೇ ಕಾರಣಕ್ಕೆ ಹೆಂಡತಿಯನ್ನು ಬಿಡಬಹುದು ಅನ್ನುವುದಾದರೆ ಇಂಗ್ಲೆಂಡಿನಲ್ಲಿ ಹೆಚ್ಚು ಜನ ಹೆಂಡತಿಯನ್ನು ಇಟ್ಟುಕೊಂಡಿರುತ್ತಿರಲಿಲ್ಲ. ಜಗತ್ತಿನಲ್ಲಿ ಇರುವುದು ಒಬ್ಬಳೇ ಬಜಾರಿ, ಅವಳು ಪ್ರತಿಯೊಬ್ಬನ ಮನೆಯಲ್ಲೂ ಇದ್ದಾಳೆ ಅಂತ ಗಾದೆಯೇ ಇದೆಯಲ್ಲ! ಈ ಕಾಗದವನ್ನೂ ನಾನು ಮನೆಯಲ್ಲಿ ಓದಿ ಹೇಳಲಿಲ್ಲ, ಕಾರಣ ಬೇರೆ.

ಬಿಷಪ್ಪರ ಬುದ್ಧಿಮಾತು ಬಂದು ತಿಂಗಳೊಪ್ಪತ್ತಿನಲ್ಲಿ, ನವೆಂಬರ್ 18ಕ್ಕೆ ಅರ್ಲ್ ತೀರಿಕೊಂಡ. ಶವಸಂಸ್ಕಾರ ನಡೆದದ್ದು 1591ರ ಜನವರಿ 13ರಂದು. ಕೊಡುವ ಕಾಸಿಗಾಗಿ ಸುತ್ತಮುತ್ತಲ ಬಡವರು ಸಾವಿರಗಟ್ಟಲೆ ಬಂದಿದ್ದರು. ನೋಡಲು ಮರ ಹತ್ತಿದ ಜನರ ಭಾರಕ್ಕೆ ಎರಡು ಮರ ಮುರಿದು ಬಿದ್ದು ಮೂವರು ಸತ್ತರು. ಬೆಸ್ ಅಷ್ಟರಲ್ಲಾಗಲೇ ಹಾರ್ಡ್‌ವಿಕ್ಕಿನಲ್ಲಿ ಹೊಸ ಅರಮನೆಗೆ ಪಾಯ ತೆಗೆಸಿದ್ದಳು. ಗೋಡೆಗಿಂತ ಗಾಜೇ ಹೆಚ್ಚು ಅಂತ ಜನ ಹಾಡುಕಟ್ಟಿದ ಮನೆ ಅದು. ಮಗಳು ಅಳಿಯ ಒಂದು ಭಾನುವಾರ ಕರೆದುಕೊಂಡು ಹೋಗಿದ್ದರು. ಗೋಪುರಗಳ ತಲೆಯ ಮೇಲೆ ಆಳೆತ್ತರದ ಕಲ್ಲಿನ ಅಕ್ಷರಗಳಲ್ಲಿ ಆಕೆಯ ಹೆಸರಿನ ಮೊದಲಕ್ಷರಗಳು, ಎಲಿಜಬೆತ್ ಶ್ರೂಸ್‌ಬರಿ. ಗಂಡನನ್ನು ಬಿಟ್ಟರೂ ಬಿರುದನ್ನು ಬಿಟ್ಟಿಲ್ಲ.

ಗಂಡನ ಗೋರಿಯ ಮೇಲೆ ಈಕೆಯ ಹೆಸರಿಲ್ಲ. ಬದುಕಿದ್ದಾಗಲೇ ಆತ ಗೋರಿ ಕಟ್ಟಿಸಿ, ಜಾನ್ ಫಾಕ್ಸ್ ಎಂಬ ವಿದ್ವಾಂಸರಿಂದ ಲ್ಯಾಟಿನ್ನಿನಲ್ಲಿ ಉದ್ದನೆಯ ಬರಹ ಬರೆಸಿದ್ದ. ಅದರಲ್ಲಿ ಗರ್ಟ್ರೂಡ್ ಇದ್ದಾಳೆ, ಕೈದಿರಾಣಿಯ ವಿಷಯದಲ್ಲಿ ಕೆಟ್ಟ ಬಾಯಿಗಳು ಏನೇ ಅಂದರೂ ತಾನು ನಿಷ್ಠನಾಗಿದ್ದೆ ಎಂಬ ಸಮಜಾಯಿಷಿ ಇದೆ. ಸತ್ತ ತಾರೀಖಿಗೆ ಮಾತ್ರ ಜಾಗ ಬಿಟ್ಟಿತ್ತು, ಇನ್ನೂ ಸತ್ತಿರಲಿಲ್ಲವಲ್ಲ. ಇದನ್ನು ತುಂಬಿಸಲು ನನ್ನ ವಾರಸುದಾರರು ಮರೆಯುತ್ತಾರೆ ನೋಡಿ ಅಂತ ಆತನೇ ಹೇಳಿದ್ದನಂತೆ. ಗಿಲ್ಬರ್ಟ್ ಆಸ್ತಿ ಹೊಡೆದಾಟದಲ್ಲಿ ಮುಳುಗಿದ್ದ. ಅತ್ತೆಯ ಜತೆಗೂ ಜಗಳ, ಎಲಿನರ್ ಬ್ರಿಟನ್ ಜತೆಗೂ ವ್ಯಾಜ್ಯ. ತಾರೀಖು ಕೆತ್ತಿಸಲಿಲ್ಲ.

ಮೊನ್ನೆ ಊರಿಗೆ ಹೊರಡುವ ಟಿಕೆಟ್ ಖಾತ್ರಿಯಾದ ಮೇಲೆ ಎಲ್ಲರೂ ಸೇರಿ ಮತ್ತೊಮ್ಮೆ ಕ್ಯಾಥೆಡ್ರಲಿಗೆ ಹೋದೆವು. ಟ್ರಾಮ್ ಬಾಗಿಲಲ್ಲೇ ಇಳಿಸುತ್ತದೆ. ಅಲ್ಲಿದ್ದ ಸ್ವಯಂಸೇವಕಿ ಅಜ್ಜಿಯೊಬ್ಬರು ಆ ಬಿಟ್ಟ ಜಾಗ ಎಲ್ಲಿ ಅಂತ ಬೆರಳು ಮಾಡಿ ತೋರಿಸಿದರು. ನಾನು ಕನ್ನಡಕ ಒರೆಸಿಕೊಂಡು ನೋಡುತ್ತಲೇ ಇದ್ದೆ. ಗಾಡಿ ನಿಂತಿತ್ತಲ್ಲ, ಮೊಮ್ಮಗ ಎದ್ದು ರಾಗ ಶುರು ಮಾಡಿದ.

“ಎಷ್ಟ್ ಹೊತ್ತು ರೀ ನಿಂತ್ಕೋತೀರ? ಮಗು ಅಳ್ತಿದೆ” ಅಂದಳು ನನ್ನವಳು.

“ವೋಚರಿಗೆ ತಾರೀಖೇ ಹಾಕಿಲ್ಲ ಕಣೇ.”

“ಈಗ ನೀವು ಹಾಕಕ್ಕಾಗಲ್ಲ. ಗಾಡಿ ತಳ್ಳಿ.”